ಮೇಲೆ ಪಾಠಶಾಲೆ, ಕೆಳಗೆ ಬೆಣ್ಣೆ ಸಂತೆ

ಇಂಗ್ಲೆಂಡಿನ ಲೆಸ್ಟರ್‌ಷೈರ್ ಪ್ರಾಂತ್ಯದ ದಕ್ಷಿಣದ ಅಂಚಿನಲ್ಲಿ ಮಾರ್ಕೆಟ್ ಹಾರ್ಬರೊ ಎಂಬ ಊರಿದೆ. ಅದರ ಹೈ ಸ್ಟ್ರೀಟ್‌ಗೆ ಕಾಲಿಟ್ಟವರ ಕಣ್ಣು ಮೊದಲು ಹೋಗುವುದು ಸೇಂಟ್ ಡಯೊನೀಸಿಯಸ್ ಚರ್ಚಿನ ಮೊನಚು ಶಿಖರದತ್ತ. 14ನೇ ಶತಮಾನದ ಆರಂಭದಲ್ಲಿ ಕಟ್ಟಿದ ಆ ಕಲ್ಲಿನ ಶಿಖರ ಹೊಲಗದ್ದೆಗಳ ಆಚೆಯಿಂದಲೂ ಕಾಣುತ್ತದೆ. ಅದರ ಬುಡದಲ್ಲೇ, ಬೀದಿಯ ನಡುವೆ, ದಪ್ಪ ಓಕ್ ಕಂಬಗಳ ಮೇಲೆ ಒಂದು ಮರದ ಕಟ್ಟಡ ನಿಂತಿದೆ. ಕೆಳಗೆ ಗೋಡೆಯಿಲ್ಲ, ಬಾಗಿಲಿಲ್ಲ. ಯಾರು ಬೇಕಾದರೂ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬರಬಹುದು. ಮೇಲೆ ಒಂದೇ ಒಂದು ಉದ್ದನೆಯ ಕೋಣೆ. 1614ರಲ್ಲಿ ಕಟ್ಟಿದ ಇದು ಊರಿನ ಹಳೆಯ ಗ್ರಾಮರ್ ಶಾಲೆ. ಇಂಗ್ಲೆಂಡಿನ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಇದಕ್ಕೆ ಸಿಕ್ಕಿರುವುದು ಎಲ್ಲಕ್ಕಿಂತ ಮೇಲಿನ ದರ್ಜೆ, ಗ್ರೇಡ್ ಒಂದು.

ಅರಮನೆಗಳಿಗೆ, ಮಹಾದೇವಾಲಯಗಳಿಗೆ ಸಲ್ಲುವ ಈ ದರ್ಜೆ ಒಂದು ಕೋಣೆಯ ಶಾಲೆಗೆ ಸಂದದ್ದು ಹೇಗೆ ಎಂದು ತಿಳಿಯಲು ಮೊದಲು ಊರಿನ ಕಥೆಯನ್ನು ನೋಡಬೇಕು.

ಹಾರ್ಬರೊ ತಾನಾಗಿ ಬೆಳೆದ ಹಳ್ಳಿಯಲ್ಲ, ವ್ಯಾಪಾರಕ್ಕೆಂದೇ ಕಟ್ಟಿದ ಊರು. 12ನೇ ಶತಮಾನದ ಕೊನೆಯ ಭಾಗದಲ್ಲಿ, ನಾರ್ಥಾಂಪ್ಟನ್‌ನಿಂದ ಲೆಸ್ಟರ್‌ಗೆ ಹೋಗುವ ದಾರಿ ವೆಲೆಂಡ್ ನದಿಯನ್ನು ದಾಟುವ ಕಡೆ ಅದು ತಲೆಯೆತ್ತಿತು. 1204ರ ಹೊತ್ತಿಗೆ ಇಲ್ಲಿ ಸಂತೆ ನೆರೆಯುತ್ತಿತ್ತು. 1221ರಿಂದ ಸಂತೆಯ ದಿನ ಮಂಗಳವಾರವೆಂದು ನಿಂತಿತು. ಬೀದಿಯನ್ನು ಅಗಲವಾಗಿ ಬಿಟ್ಟದ್ದೇ ದನ ಕುರಿ ಕಟ್ಟಲು, ಗಾಡಿ ನಿಲ್ಲಿಸಲು, ಅಂಗಡಿ ಹೂಡಲು. ಚರ್ಚಿನ ಸುತ್ತ ಸ್ಮಶಾನವೂ ಇಲ್ಲ. ಆ ಚರ್ಚು ಶುರುವಾದದ್ದು ಊರ ಹೊರಗಿನ ಸೇಂಟ್ ಮೇರಿ ಇನ್ ಆರ್ಡೆನ್ ಎಂಬ ಹಳೆಯ ಚರ್ಚಿನ ಶಾಖೆಯಾಗಿ. ಸತ್ತವರನ್ನು ಹೂಳಲು ಜನ ಅಲ್ಲಿಗೇ ಹೋಗಬೇಕಿತ್ತು. ಹೀಗಾಗಿ ಸಂತೆ ಚರ್ಚಿನ ಗೋಡೆಯವರೆಗೂ ಹರಡಿಕೊಂಡಿತು. ಪ್ರಾರ್ಥನೆಗೂ ವ್ಯಾಪಾರಕ್ಕೂ ನಡುವೆ ಒಂದು ಬೇಲಿಯೂ ಇರಲಿಲ್ಲ.

ಈ ಊರಿನಲ್ಲಿ ಹುಟ್ಟಿದವನು ರಾಬರ್ಟ್ ಸ್ಮಿತ್. ಬಡ ಮನೆಯ ಹುಡುಗ ಊರು ಬಿಟ್ಟು ಸುಮಾರು 80 ಮೈಲಿ ದೂರದ ಲಂಡನ್ ಸೇರಿ ಮೇಲೆ ಬಂದ ಎಂಬುದು ಊರವರು ಹೆಮ್ಮೆಯಿಂದ ಹೇಳುವ ಮಾತು. ಸ್ಮಿತ್ ಲಂಡನ್ ನಗರಾಡಳಿತದಲ್ಲಿ ಕಂಟ್ರೋಲರ್ ಹುದ್ದೆಯವರೆಗೆ ಏರಿದ. ಕೈಯಲ್ಲಿ ಹಣ ಬಂದ ಮೇಲೆ ಅವನಿಗೆ ನೆನಪಾದದ್ದು ಹುಟ್ಟಿದೂರು. 1607ರಲ್ಲಿ ಅಲ್ಲಿ ಶಾಲೆಗೆಂದು ದತ್ತಿ ಇಟ್ಟ; ಏಳು ವರ್ಷಗಳ ನಂತರ ಶಾಲೆಗೆ ಕಟ್ಟಡವೂ ಎದ್ದಿತು.

ಆ ಕಾಲದಲ್ಲಿ ಹೀಗೆ ಮಾಡಿದವನು ಸ್ಮಿತ್ ಒಬ್ಬನೇ ಅಲ್ಲ. ಲಂಡನ್‌ನಲ್ಲಿ ದಿನಸಿ ವ್ಯಾಪಾರ ಮಾಡಿ ಗಳಿಸಿದ ಲಾರೆನ್ಸ್ ಶೆರಿಫ್ 1567ರಲ್ಲಿ ತನ್ನ ಊರಾದ ರಗ್ಬಿಯಲ್ಲಿ ಶಾಲೆ ಸ್ಥಾಪಿಸಿದ್ದ. ಮುಂದೆ ಜಗತ್ತಿಗೆ ರಗ್ಬಿ ಆಟ ಕೊಟ್ಟದ್ದು ಅದೇ ಶಾಲೆ. 16ನೇ ಶತಮಾನದ ನಡುವೆ ಎಂಟನೇ ಹೆನ್ರಿ ಮತ್ತು ಅವನ ಮಗ ಆರನೇ ಎಡ್ವರ್ಡ್ ಮಠಗಳನ್ನೂ ಧಾರ್ಮಿಕ ದತ್ತಿಗಳನ್ನೂ ಮುಚ್ಚಿದಾಗ, ಅವುಗಳ ಆಶ್ರಯದಲ್ಲಿದ್ದ ಎಷ್ಟೋ ಪಾಠಶಾಲೆಗಳೂ ನೆಲೆ ಕಳೆದುಕೊಂಡವು. ಆ ಜಾಗ ತುಂಬಲು ಮುಂದೆ ಬಂದವರು ವರ್ತಕರು, ವಕೀಲರು, ನಗರದ ಅಧಿಕಾರಿಗಳು. ಪ್ರಾಟೆಸ್ಟೆಂಟ್ ಮತ ಬೈಬಲ್ ಓದಬಲ್ಲ ಜನರನ್ನು ಬಯಸುತ್ತಿತ್ತು. ಬೆಳೆಯುತ್ತಿದ್ದ ವ್ಯಾಪಾರ ಲೆಕ್ಕಪತ್ರ ಬಲ್ಲವರನ್ನು ಕೇಳುತ್ತಿತ್ತು. ಗ್ರಾಮರ್ ಶಾಲೆ ಎಂದರೆ ಮುಖ್ಯವಾಗಿ ಲ್ಯಾಟಿನ್ ವ್ಯಾಕರಣದ ಶಾಲೆ. ಅಲ್ಲಿ ಕಲಿತ ಹುಡುಗನಿಗೆ ವಿಶ್ವವಿದ್ಯಾಲಯದ, ನ್ಯಾಯಾಲಯದ, ಚರ್ಚಿನ ಬಾಗಿಲು ತೆರೆಯುತ್ತಿತ್ತು. ಹೆಣ್ಣುಮಕ್ಕಳಿಗೆ ಮಾತ್ರ ಆ ಬೆಂಚುಗಳಲ್ಲಿ ಜಾಗವಿರಲಿಲ್ಲ.

ಉಳಿದ ದಾನಿಗಳಿಂದ ಸ್ಮಿತ್‌ನನ್ನು ಬೇರೆ ಮಾಡುವುದು ಅವನು ಕಟ್ಟಡಕ್ಕೆ ಹಾಕಿದ ಷರತ್ತು. ಶಾಲೆಗೆ ಸಿಕ್ಕ ಜಾಗ ಸಂತೆಯ ಜಾಗ. ಅಲ್ಲಿ ಗೋಡೆ ಎಬ್ಬಿಸಿದರೆ ಬೆಣ್ಣೆ ಮಾರುವವರು ಎತ್ತಲಾದರೂ ಎದ್ದು ಹೋಗಬೇಕಾಗುತ್ತಿತ್ತು. ಸ್ಮಿತ್ ಹಾಗಾಗಲು ಬಿಡಲಿಲ್ಲ. ಶಾಲೆಯನ್ನು ಕಂಬಗಳ ಮೇಲೆ ಎತ್ತಿ ಕಟ್ಟಬೇಕು, ಮಳೆ ಗಾಳಿಯ ದಿನಗಳಲ್ಲಿ ಸಂತೆಗೆ ಬಂದವರು ನೆನೆಯದೆ ಅದರ ಕೆಳಗೆ ನಿಲ್ಲುವಂತಾಗಬೇಕು ಎಂದು ಅವನೇ ಬರೆದಿಟ್ಟ. ಹೀಗೆ ಒಂದೇ ಮಾಡಿನ ಕೆಳಗೆ ಎರಡು ಲೋಕ ಸೇರಿದವು: ಮೇಲೆ ಲ್ಯಾಟಿನ್ ಪಾಠ, ಕೆಳಗೆ ಬೆಣ್ಣೆ ವ್ಯಾಪಾರ.

ಕಟ್ಟಡವನ್ನು ಹತ್ತಿರ ನಿಂತು ನೋಡಿದರೆ ಈ ಯೋಚನೆ ಮರದಲ್ಲೇ ಕಾಣುತ್ತದೆ. ಕಂಬ ಮೇಲಿನ ತೊಲೆಯನ್ನು ಮುಟ್ಟುವ ಕಡೆಯಲ್ಲೆಲ್ಲ ಬಾಗಿದ ಓಕ್ ತುಂಡುಗಳು ಎರಡೂ ಬದಿಯಿಂದ ಚಾಚಿಕೊಂಡು ಕಮಾನಿನ ಆಕಾರ ತಾಳುತ್ತವೆ. ಅಂದಕ್ಕಷ್ಟೇ ಇಟ್ಟವಲ್ಲ ಅವು. ಕೆಳಗೆ ಗೋಡೆಯಿಲ್ಲದ ಮನೆ ಗಾಳಿಗೆ ಓಲಾಡದಂತೆ ತಡೆಯುವುದು ಅವುಗಳ ಕೆಲಸ. ಆ ಕಾಲದ ಇಂಗ್ಲಿಷ್ ಬಡಗಿಗಳು ಓಕ್ ಮರವನ್ನು ಹಸಿಯಾಗಿರುವಾಗಲೇ ಕೊರೆದು, ಒಂದು ತುಂಡಿನ ನಾಲಿಗೆಯನ್ನು ಇನ್ನೊಂದರ ತೂತಿಗೆ ಕೂಡಿಸಿ, ಅಡ್ಡಲಾಗಿ ಮರದ ಗೂಟ ಹೊಡೆಯುತ್ತಿದ್ದರು. ಕಬ್ಬಿಣದ ಮೊಳೆಗೆ ಅಲ್ಲಿ ಹೆಚ್ಚು ಕೆಲಸವಿರಲಿಲ್ಲ. ಮರ ಒಣಗುತ್ತಾ ಕುಗ್ಗಿದಂತೆ ಕೂಡುಗಳು ಇನ್ನಷ್ಟು ಬಿಗಿಯುತ್ತಿದ್ದವು. ನಾಲ್ಕು ಶತಮಾನ ಕಳೆದ ಮೇಲೂ ಇಂಥ ಚೌಕಟ್ಟುಗಳು ನೆಟ್ಟಗೆ ನಿಂತಿರುವುದರ ಗುಟ್ಟು ಇದೇ. ಮೇಲಿನ ಕೋಣೆಯ ಹೊರಮೈಗೆ ಗಾರೆ, ಮುಂದಕ್ಕೆ ತ್ರಿಕೋನಾಕಾರದ ಮಾಡುಗಳು, ಹೊರಗೋಡೆಯ ಉದ್ದಕ್ಕೂ ಬೈಬಲಿನ ಮಾತುಗಳು. ಆ ಮಾತುಗಳನ್ನು ಬರೆಸಬೇಕೆಂಬುದೂ ಸ್ಮಿತ್‌ನ ಇಚ್ಛೆಯೇ. ಬರೆದದ್ದು ಹೊರಗೆ, ಬೀದಿಗೆ ಮುಖಮಾಡಿ. ಶಾಲೆಯ ಮೆಟ್ಟಿಲು ಹತ್ತದವರೂ ಸಂತೆಯಲ್ಲಿ ನಿಂತೇ ಅದನ್ನು ಕಾಣಬಹುದಿತ್ತು.

ಸಂತೆಗೆ ಬಂದವರಿಗೆ ಸೂರು ಒದಗಿಸುವ ಪದ್ಧತಿ ಅಂದಿನ ಇಂಗ್ಲೆಂಡಿನಲ್ಲಿ ಬೇರೆಡೆಯೂ ಇತ್ತು. ಹೆರೆಫರ್ಡ್‌ಷೈರಿನ ಲೆಡ್ಬರಿಯಲ್ಲಿ 1617ರಲ್ಲಿ ಕೆಲಸ ಶುರುವಾದ ಮಾರ್ಕೆಟ್ ಹೌಸ್ ಹೀಗೆಯೇ ಮರದ ಕಂಬಗಳ ಮೇಲೆ ನಿಂತಿದೆ. ಗ್ಲಾಸ್ಟರ್‌ಷೈರಿನ ಚಿಪ್ಪಿಂಗ್ ಕ್ಯಾಂಪ್ಡನ್‌ನಲ್ಲಿ ಸರ್ ಬ್ಯಾಪ್ಟಿಸ್ಟ್ ಹಿಕ್ಸ್ 1627ರಲ್ಲಿ ಬೆಣ್ಣೆ, ಚೀಸ್, ಕೋಳಿ ಮಾರುವವರಿಗಾಗಿ ಕಲ್ಲಿನ ಕಮಾನುಗಳ ಸಂತೆಮನೆ ಕಟ್ಟಿಸಿದ. ಬೇರೆಡೆ ಧಾನ್ಯವೋ ದಾಖಲೆಯೋ ತುಂಬುತ್ತಿದ್ದ ಮೇಲಿನ ಜಾಗವನ್ನು ಹಾರ್ಬರೊ ಮಕ್ಕಳಿಗೆ ಕೊಟ್ಟಿತು. ಆ ಕಾಲದ ಗ್ರಾಮರ್ ಶಾಲೆಗಳಲ್ಲಿ ಬೆಳಗಿನ ಜಾವಕ್ಕೇ ಪಾಠ ಮೊದಲಾಗುತ್ತಿತ್ತು. ಎಲ್ಲ ವಯಸ್ಸಿನವರೂ ಒಂದೇ ಕೋಣೆಯಲ್ಲಿ ಕೂತು, ಧ್ವನಿ ಎತ್ತಿ ಒಪ್ಪಿಸಿ ಕಲಿಯುತ್ತಿದ್ದರು. ಮಂಗಳವಾರವಂತೂ ಕೆಳಗಿನ ಚೌಕಾಸಿಯ ಗದ್ದಲ ಹಲಗೆಯ ನೆಲವನ್ನು ದಾಟಿ ಮೇಲಕ್ಕೆ ಬಾರದೇ ಇರಲು ಸಾಧ್ಯವಿರಲಿಲ್ಲ.

ಕಟ್ಟಡಕ್ಕೆ 31 ವರ್ಷ ತುಂಬಿದಾಗ, ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಇಂಗ್ಲೆಂಡಿನ ಅಂತರ್ಯುದ್ಧ ಈ ಬೀದಿಗೇ ಬಂತು.

1645ರ ಜೂನ್ 13ರ ಸಂಜೆ. ರಾಜ ಒಂದನೇ ಚಾರ್ಲ್ಸ್‌ನ ಸೈನ್ಯ ಹಾರ್ಬರೊ ಸುತ್ತಮುತ್ತ ಬೀಡುಬಿಟ್ಟಿತ್ತು. ರಾಜ ತಂಗಿದ್ದು ಪಕ್ಕದ ಲಬೆನ್‌ಹ್ಯಾಮ್ ಹಳ್ಳಿಯಲ್ಲಿ. ಅವನ ಸೋದರಳಿಯ, ಸೇನಾಪತಿ ಪ್ರಿನ್ಸ್ ರೂಪರ್ಟ್ ಇದ್ದದ್ದು ಹಾರ್ಬರೊದಲ್ಲಿ. ಅಷ್ಟರಲ್ಲಿ ಕೆಲವೇ ಮೈಲಿ ದೂರದ ನೇಸ್ಬಿ ಹಳ್ಳಿಯಲ್ಲಿದ್ದ ರಾಜನ ಕಾವಲು ತುಕಡಿಯ ಮೇಲೆ ಪಾರ್ಲಿಮೆಂಟ್ ಪಕ್ಷದ ಕುದುರೆ ದಳ ಎರಗಿತು. ಸುದ್ದಿ ಮುಟ್ಟಿದ್ದೇ ರಾಜ ಅಪರಾತ್ರಿಯಲ್ಲೇ ಎದ್ದು ಹಾರ್ಬರೊಗೆ ಬಂದ. ಹಿಂದೆ ಸರಿಯುವುದೋ, ತಿರುಗಿ ನಿಂತು ಹೋರಾಡುವುದೋ ಎಂಬ ಸಮಾಲೋಚನೆ ಆ ರಾತ್ರಿ ಇದೇ ಊರಿನಲ್ಲಿ ನಡೆಯಿತು. ಹೋರಾಡುವುದೆಂದು ತೀರ್ಮಾನವಾಯಿತು. ಮರುದಿನ ನೇಸ್ಬಿಯ ಬಯಲಿನಲ್ಲಿ, ತನಗಿಂತ ಸಂಖ್ಯೆಯಲ್ಲಿ ಬಹಳ ದೊಡ್ಡದಾಗಿದ್ದ ಪಾರ್ಲಿಮೆಂಟ್ ಪಕ್ಷದ ಸೇನಾನಾಯಕರಾದ ಫೇರ್‌ಫ್ಯಾಕ್ಸ್ ಮತ್ತು ಕ್ರಾಮ್‌ವೆಲ್‌ರ ಹೊಸ ಮಾದರಿಯ ಸೇನೆಯ ಎದುರು ರಾಜನ ಕಾಲಾಳು ದಳ ನುಚ್ಚುನೂರಾಯಿತು. ಸೆರೆ ಸಿಕ್ಕವರೇ ನಾಲ್ಕು ಸಾವಿರಕ್ಕೂ ಹೆಚ್ಚು.

ಸಂಜೆಯ ಹೊತ್ತಿಗೆ ಗೆದ್ದವರು ಹಾರ್ಬರೊಗೆ ಬಂದಿಳಿದರು. ಸೆರೆಯಾಳುಗಳಲ್ಲಿ ಒಂದು ಪಾಲನ್ನು ಶಾಲೆಯ ಪಕ್ಕದ ಚರ್ಚಿನೊಳಗೇ ಕೂಡಿಹಾಕಿದರು. ಅಂದೇ ಕ್ರಾಮ್‌ವೆಲ್ ಇದೇ ಊರಿನಲ್ಲಿ ಕೂತು ಕಾಮನ್ಸ್ ಸಭೆಯ ಸ್ಪೀಕರ್ ವಿಲಿಯಂ ಲೆಂಥಾಲ್‌ಗೆ ಗೆಲುವಿನ ಸುದ್ದಿ ತಿಳಿಸುವ ಪತ್ರ ಬರೆದ. ಪ್ರಾಣ ಒತ್ತೆಯಿಟ್ಟ ಸೈನಿಕರಿಗೆ ಅವರವರ ಮನಸ್ಸಾಕ್ಷಿಗೆ ತಕ್ಕಂತೆ ದೇವರನ್ನು ನಂಬುವ ಸ್ವಾತಂತ್ರ್ಯ ಇರಬೇಕೆಂದು ಪತ್ರದ ಕೊನೆಯಲ್ಲಿ ಕೇಳಿಕೊಂಡ. ಪತ್ರವನ್ನು ಅಚ್ಚು ಹಾಕಿಸುವಾಗ ಕಾಮನ್ಸ್ ಸಭೆ ಆ ಭಾಗವನ್ನೇ ಕೈಬಿಟ್ಟಿತು. ರಾಜ ಸೋತರೂ ಧಾರ್ಮಿಕ ಸ್ವಾತಂತ್ರ್ಯದ ಜಗಳ ಮುಗಿದಿರಲಿಲ್ಲ ಎಂಬುದಕ್ಕೆ ಹಾರ್ಬರೊದಿಂದ ಹೊರಟ ಆ ಕಾಗದ ಸಾಕ್ಷಿ.

ಯುದ್ಧ ಮುಗಿದ ಮೇಲೆ ಸಂತೆ ಮತ್ತೆ ಸೇರಿತು. 18ನೇ ಶತಮಾನದಲ್ಲಿ ಈ ಬೀದಿ ಲಂಡನ್‌ನಿಂದ ಉತ್ತರಕ್ಕೆ ಹೋಗುವ ಕುದುರೆಗಾಡಿಗಳ ತಂಗುದಾಣವಾಯಿತು. ಇಕ್ಕೆಲಗಳಲ್ಲಿ ಇಟ್ಟಿಗೆಯ ಮನೆಗಳು, ಛತ್ರಗಳು ಎದ್ದವು. ಹಳೆಯ ಮರದ ಮನೆಗಳನ್ನು ಕೆಡವುವುದೋ ಅವುಗಳ ಮುಂದೆ ಇಟ್ಟಿಗೆ ಗೋಡೆ ಕಟ್ಟಿ ಮುಚ್ಚುವುದೋ ಇಂಗ್ಲೆಂಡಿನ ಊರೂರಿನಲ್ಲೂ ಆಗ ಇದ್ದ ರೂಢಿ. ಶಾಲೆಗೆ ಆ ಗತಿ ಬರಲಿಲ್ಲ.

1830ರ ದಶಕದಲ್ಲಿ ಈ ಊರಿಗೆ ಒಬ್ಬ ಮರಗೆಲಸದವನು ಬಂದು ನೆಲೆಸಿದ. ಹೆಸರು ಥಾಮಸ್ ಕುಕ್. ಹುಟ್ಟಿದ್ದು ಡರ್ಬಿಷೈರ್‌ನ ಮೆಲ್ಬೋರ್ನ್‌ನಲ್ಲಿ, 1808ರಲ್ಲಿ. ಮತದಿಂದ ಬ್ಯಾಪ್ಟಿಸ್ಟ್, ಪಾನನಿರೋಧದ ಕಟ್ಟಾ ಪ್ರಚಾರಕ. 1841ರ ಜೂನ್ 9ರಂದು ಪಾನನಿರೋಧ ಸಭೆಗೆಂದು ಹಾರ್ಬರೊದಿಂದ ಲೆಸ್ಟರ್ ಕಡೆಗೆ ಸುಮಾರು 15 ಮೈಲಿ ದೂರ ನಡೆದು ಹೊರಟ. ಹೊಸದಾಗಿ ಬಂದಿದ್ದ ರೈಲನ್ನು ಚಳವಳಿಯ ಕೆಲಸಕ್ಕೆ ಯಾಕೆ ಬಳಸಬಾರದು ಎಂಬ ಯೋಚನೆ ಅವನಿಗೆ ಹೊಳೆದದ್ದು ಆ ದಾರಿಯಲ್ಲಿ. ಜುಲೈ 5ರಂದು ಸುಮಾರು 500 ಜನರನ್ನು ತಲೆಗೆ ಒಂದು ಶಿಲಿಂಗ್‌ನಂತೆ ಲೆಸ್ಟರ್‌ನಿಂದ ಲಫ್‌ಬರೊಗೆ ವಿಶೇಷ ರೈಲಿನಲ್ಲಿ ಕರೆದೊಯ್ದ. ಥಾಮಸ್ ಕುಕ್ ಕಂಪನಿಯ ಪ್ರವಾಸಗಳ ಮೊದಲ ಹೆಜ್ಜೆ ಅದು. 1872ರಲ್ಲಿ ಅವನೇ ಮುಂದೆ ನಿಂತು ಕರೆದೊಯ್ದ ಜಗತ್ತು ಸುತ್ತುವ ಪ್ರವಾಸ ಭಾರತವನ್ನೂ ಹಾದು ಹೋಯಿತು. ಹಾರ್ಬರೊಗೆ ಮಾತ್ರ ರೈಲು ಬಂದದ್ದು ಕುಕ್ ಊರು ಬಿಟ್ಟ ಮೇಲೆ, 1850ರಲ್ಲಿ.

ರೈಲಿನ ಜೊತೆಗೆ ಕಾರ್ಖಾನೆ ಬಂತು. ಸಿಮಿಂಗ್ಟನ್ ಕುಟುಂಬ ಹೊಲಿಗೆ ಯಂತ್ರಗಳನ್ನು ತರಿಸಿ ಹೆಂಗಸರ ಕಾರ್ಸೆಟ್ ಹೊಲಿಸಲು ಶುರುಮಾಡಿತು. 19ನೇ ಶತಮಾನದ ಕೊನೆಯ ಹೊತ್ತಿಗೆ ಚರ್ಚಿಗೂ ಶಾಲೆಗೂ ಎದುರಾಗಿ ಕೆಂಪಿಟ್ಟಿಗೆಯ ಹಲವು ಅಂತಸ್ತಿನ ಕಾರ್ಖಾನೆ ಎದ್ದು ನಿಂತಿತು. 1908ರಲ್ಲಿ ಅಲ್ಲಿಂದ ಹೊರಬಂದ ಲಿಬರ್ಟಿ ಬಾಡಿಸ್ ಎಂಬ ಮೆತ್ತನೆಯ ಒಳ ಉಡುಪು ಇಂಗ್ಲೆಂಡಿನ ಮಕ್ಕಳನ್ನು ದಶಕಗಳ ಕಾಲ ಚಳಿಯಿಂದ ಕಾಪಾಡಿತು.

ಈ ಸಂಭ್ರಮದ ನಡುವೆ ಹಳೆಯ ಶಾಲೆಯ ಸ್ಥಿತಿ ಚೆನ್ನಾಗಿರಲಿಲ್ಲ. ಲ್ಯಾಟಿನ್‌ಗೆಂದೇ ಇಟ್ಟ ಹಳೆಯ ದತ್ತಿಗಳ ಮೇಲೆ ನಿಂತ ಇಂಥ ಶಾಲೆಗಳು ದೇಶದಾದ್ಯಂತ ಸೊರಗಿದ್ದ ಕಾಲವದು. ಹಾರ್ಬರೊದ ಜನ 1868ರಲ್ಲಿ ಕಟ್ಟಡವನ್ನು ದುರಸ್ತಿ ಮಾಡಿಸಿದರು. ಇಂದು ಹೊರಮೈಯಲ್ಲಿ ಕಾಣುವ ಚಿತ್ತಾರದ ಗಾರೆ ಆಗಿನದು. ಮರುವರ್ಷ ಶಾಲೆ ಮತ್ತೆ ತೆರೆಯಿತು. ಅದಕ್ಕಾಗಿ ಓಡಾಡಿದವರಲ್ಲಿ ಊರಿನ ಔಷಧಿ ಅಂಗಡಿಯ ವಿಲಿಯಂ ಬ್ರ್ಯಾಗ್ ಒಬ್ಬ. ಆ ವರ್ಷವೇ ಅವನ ಮನೆಗೆ ಕಂಬರ್‌ಲ್ಯಾಂಡಿನಿಂದ ಸೋದರನ ಮಗ ಬಂದ. ಏಳು ವರ್ಷದ ಹುಡುಗ, ತಾಯಿಯನ್ನು ಆಗಷ್ಟೇ ಕಳೆದುಕೊಂಡಿದ್ದ. ಮನೆಯ ಯಜಮಾನನ ಹೆಸರೇ ಅವನದೂ: ವಿಲಿಯಂ ಹೆನ್ರಿ ಬ್ರ್ಯಾಗ್. ಮತ್ತೆ ತೆರೆದ ಶಾಲೆಗೆ ಮೊದಲು ಸೇರಿದ ಆರು ಹುಡುಗರಲ್ಲಿ ಅವನೂ ಒಬ್ಬ.

ಸ್ಮಿತ್ ಕಟ್ಟಿಸಿದ ಮೆಟ್ಟಿಲನ್ನು ಆ ಹುಡುಗ ಆರು ವರ್ಷ ಹತ್ತಿ ಇಳಿದ. 1873ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ನಡೆಸುತ್ತಿದ್ದ ಕಿರಿಯರ ಪರೀಕ್ಷೆಯಲ್ಲಿ ಪಾಸಾದಾಗ, ಇಡೀ ಇಂಗ್ಲೆಂಡಿನಲ್ಲಿ ಅದನ್ನು ದಾಟಿದವರಲ್ಲಿ ಅತಿ ಚಿಕ್ಕವನು ಅವನೇ. 1875ರಲ್ಲಿ ಐಲ್ ಆಫ್ ಮ್ಯಾನ್‌ನ ಕಿಂಗ್ ವಿಲಿಯಮ್ಸ್ ಕಾಲೇಜಿಗೆ ಹೋದ. ಅಲ್ಲಿಂದ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿಗೆ. 23ನೇ ವಯಸ್ಸಿಗೇ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಪ್ರಾಧ್ಯಾಪಕರಾಗಿ ನೇಮಕಗೊಂಡ ಬ್ರ್ಯಾಗ್, 1909ರಲ್ಲಿ ಇಂಗ್ಲೆಂಡಿಗೆ ಮರಳಿ ಲೀಡ್ಸ್ ಸೇರಿದರು. 1912ರಲ್ಲಿ ಜರ್ಮನಿಯ ಮ್ಯಾಕ್ಸ್ ಫಾನ್ ಲೌವೆ ಮತ್ತು ಜೊತೆಗಾರರು ಹರಳಿನ ಮೂಲಕ ಎಕ್ಸ್-ರೇ ಹಾಯಿಸಿದಾಗ ಚುಕ್ಕೆಗಳ ವಿನ್ಯಾಸ ಮೂಡುವುದನ್ನು ತೋರಿಸಿದ್ದರು. ಹರಳಿನೊಳಗೆ ಸಾಲು ಸಾಲಾಗಿ ಜೋಡಿಸಿಕೊಂಡ ಪರಮಾಣುಗಳ ಪದರಗಳಿಂದ ಕಿರಣಗಳು ಪ್ರತಿಫಲಿಸುತ್ತವೆ ಎಂದು ಆ ವಿನ್ಯಾಸವನ್ನು ವಿವರಿಸಿದ್ದು ಬ್ರ್ಯಾಗ್ ಅವರ ಮಗ ಲಾರೆನ್ಸ್. ಅದನ್ನು ನಿಖರವಾಗಿ ಅಳೆಯುವ ಉಪಕರಣ ಕಟ್ಟಿದ್ದು ತಂದೆ. ಇಬ್ಬರೂ ಸೇರಿ ಅಡುಗೆ ಉಪ್ಪಿನಿಂದ ವಜ್ರದವರೆಗೆ ಪರಮಾಣುಗಳು ಎಲ್ಲೆಲ್ಲಿ ಕುಳಿತಿವೆ ಎಂದು ತೋರಿಸಿಕೊಟ್ಟರು. 1915ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ತಂದೆ ಮಗ ಇಬ್ಬರಿಗೂ ಸೇರಿ ಬಂತು. ಲಾರೆನ್ಸ್‌ಗೆ ಆಗ 25 ವರ್ಷ. ಅದೇ ವರ್ಷ ಗ್ಯಾಲಿಪೊಲಿ ಯುದ್ಧದಲ್ಲಿ ಆ ಕುಟುಂಬ ಇನ್ನೊಬ್ಬ ಮಗ ರಾಬರ್ಟ್‌ನನ್ನು ಕಳೆದುಕೊಂಡಿತು.

ಹಾರ್ಬರೊದ ಆ ಮಹಡಿ ಕೋಣೆಗೂ ಬೆಂಗಳೂರಿಗೂ ನಿಜವಾದ ಒಂದು ಕೊಂಡಿಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ 1947ರಲ್ಲಿ ಕೇಂಬ್ರಿಡ್ಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯಕ್ಕೆ ಹೋದರು. ಆಗ ಆ ಪ್ರಯೋಗಾಲಯದ ಮುಖ್ಯಸ್ಥರು ಲಾರೆನ್ಸ್ ಬ್ರ್ಯಾಗ್. ಹರಳುಗಳ ಎಕ್ಸ್-ರೇ ಅಧ್ಯಯನದಲ್ಲಿ ಪಳಗಿ ಮರಳಿದ ರಾಮಚಂದ್ರನ್, ಮದ್ರಾಸಿನಲ್ಲಿ ಕೊಲಾಜೆನ್ ಪ್ರೋಟೀನಿನ ಮೂರೆಳೆಯ ರಚನೆಯನ್ನು ಬಿಡಿಸಿದರು. ಮುಂದೆ ಬೆಂಗಳೂರಿನ ಅದೇ ಸಂಸ್ಥೆಗೆ ಬಂದು ಅಣು ಜೀವಭೌತ ವಿಭಾಗವನ್ನು ಕಟ್ಟಿ ಬೆಳೆಸಿದರು. ಕರ್ನಾಟಕದ ಕಾಲೇಜುಗಳ ವಿಜ್ಞಾನ ವಿದ್ಯಾರ್ಥಿಗಳು ಇಂದಿಗೂ ಬ್ರ್ಯಾಗ್ ನಿಯಮದ ಸಮೀಕರಣವನ್ನು ಬರೆದೇ ಹರಳುಗಳ ಪಾಠ ಕಲಿಯುತ್ತಾರೆ.

1892ರಲ್ಲಿ ಶಾಲೆ ಈ ಕೋಣೆಯನ್ನು ಬಿಟ್ಟು ಬೇರೆಡೆಗೆ ಹೋಯಿತು. 1903ರಲ್ಲಿ ದನದ ಸಂತೆಯೂ ಬೀದಿಯಿಂದ ಪ್ರತ್ಯೇಕ ಮಾರುಕಟ್ಟೆಗೆ ಸ್ಥಳಾಂತರವಾಯಿತು. ಯಾವ ಎರಡು ಕೆಲಸಕ್ಕೆಂದು ಸ್ಮಿತ್ ಕಟ್ಟಿಸಿದ್ದನೋ ಆ ಎರಡೂ ಕಟ್ಟಡದಿಂದ ದೂರವಾಗುತ್ತಿದ್ದವು. ಹಳೆಯ ಕಟ್ಟಡಗಳು ಅಳಿಯುವುದು ಸಾಮಾನ್ಯವಾಗಿ ಇಂಥ ಹೊತ್ತಿನಲ್ಲೇ. ಚಿಪ್ಪಿಂಗ್ ಕ್ಯಾಂಪ್ಡನ್‌ನ ಸಂತೆಮನೆ 1940ರ ದಶಕದಲ್ಲಿ ಒಬ್ಬ ಅಮೆರಿಕನ್ನನಿಗೆ ಮಾರಾಟವಾಗುವುದರಲ್ಲಿತ್ತು. ಊರವರು ಚಂದಾ ಎತ್ತಿ ಕೊಂಡು ನ್ಯಾಷನಲ್ ಟ್ರಸ್ಟ್‌ಗೆ ಒಪ್ಪಿಸಿದ್ದರಿಂದ ಉಳಿಯಿತು. ಹಾರ್ಬರೊದ ಶಾಲೆ ಉಳಿದದ್ದಕ್ಕೆ ಊರಿನ ಅಭಿಮಾನ ಒಂದು ಕಾರಣವಾದರೆ, ಅದು ಯಾರ ದಾರಿಗೂ ಅಡ್ಡವಿರಲಿಲ್ಲ ಎಂಬುದು ಇನ್ನೊಂದು ಕಾರಣವೆನ್ನಬೇಕು. ಸಂತೆ ದೂರವಾದರೂ ಬೀದಿಯ ಜನರಿಗೆ ಅದರ ನೆರಳು ಬೇಕಿತ್ತು. ಮೇಲಿನ ಕೋಣೆ ಸಭೆ ಸಮಾರಂಭಗಳಿಗೆ ಒದಗಿತು.

ಕಾನೂನಿನ ರಕ್ಷಣೆ ಬಂದದ್ದು ಎರಡನೇ ಮಹಾಯುದ್ಧದ ನಂತರ. ಜರ್ಮನ್ ಬಾಂಬುಗಳಿಗೆ ಸಿಕ್ಕಿದ ಪಟ್ಟಣಗಳಲ್ಲಿ ಯಾವ ಕಟ್ಟಡ ಉಳಿಸಬೇಕು, ಯಾವುದನ್ನು ಕೆಡವಬಹುದು ಎಂದು ತೀರ್ಮಾನಿಸಲು ವಾಸ್ತುಶಿಲ್ಪಿಗಳು ಪಟ್ಟಿ ಮಾಡಿಕೊಂಡಿದ್ದರು. ಆ ಅನುಭವದಿಂದಲೇ 1944 ಮತ್ತು 1947ರ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಗಳು ದೇಶಕ್ಕೆಲ್ಲ ಒಂದು ಅಧಿಕೃತ ಪಟ್ಟಿಯ ವ್ಯವಸ್ಥೆ ತಂದವು. ಪಟ್ಟಿಯಲ್ಲಿ ಮೂರು ದರ್ಜೆಗಳಿವೆ: ಗ್ರೇಡ್ ಒಂದು, ನಕ್ಷತ್ರ ಗುರುತಿನ ಗ್ರೇಡ್ ಎರಡು, ಬರಿಯ ಗ್ರೇಡ್ ಎರಡು. ಇಂಗ್ಲೆಂಡಿನ ಪಟ್ಟಿಯಲ್ಲಿರುವ ಕಟ್ಟಡಗಳಲ್ಲಿ ಶೇ 90ಕ್ಕೂ ಹೆಚ್ಚು ಕೊನೆಯ ದರ್ಜೆಯವು; ಮೊದಲ ದರ್ಜೆಯವು ಸುಮಾರು ಶೇ 2.5 ಮಾತ್ರ. ಪಟ್ಟಿಗೆ ಸೇರಿದ ಕಟ್ಟಡದ ಸ್ವರೂಪ ಬದಲಿಸಲು ಮಾಲೀಕನಿಗೂ ವಿಶೇಷ ಅನುಮತಿ ಬೇಕು. ಅನುಮತಿಯಿಲ್ಲದೆ ಕೆಡವಿದರೆ, ಗುಣ ಕೆಡುವಂತೆ ಮಾರ್ಪಡಿಸಿದರೆ ಅದು ಅಪರಾಧ, ಶಿಕ್ಷೆಯೂ ಉಂಟು. ಸ್ಮಿತ್‌ನ ಶಾಲೆಯ ಪಕ್ಕದ ಸೇಂಟ್ ಡಯೊನೀಸಿಯಸ್ ಚರ್ಚಿಗೂ ಮೊದಲ ದರ್ಜೆಯ ಸ್ಥಾನವಿದೆ.

ಮೊದಲ ದರ್ಜೆಯ ಮಹತ್ವ ಎಷ್ಟೋ ಕಟ್ಟಡಗಳಿಗೆ ಬಂದದ್ದು ಗಾತ್ರದಿಂದ, ಸಿರಿಯಿಂದ, ರಾಜವೈಭವದಿಂದ. ಹಾರ್ಬರೊದ ಶಾಲೆಗೆ ಅದು ಬಂದದ್ದು ವಿನ್ಯಾಸದಲ್ಲಿರುವ ಕಾಳಜಿಯಿಂದ. ಮಕ್ಕಳಿಗೆ ಕೋಣೆ ಕಟ್ಟಿಸುವಾಗ ಬೆಣ್ಣೆ ಮಾರುವವರ ಜಾಗ ಕಿತ್ತುಕೊಳ್ಳದೆ, ಅವರಿಗೂ ಸೂರು ಮಾಡಿಕೊಟ್ಟ ಒಬ್ಬ ದಾನಿಯ ವಿವೇಕ ಅಲ್ಲಿ ಓಕ್ ಮರದಲ್ಲಿ ನಿಂತಿದೆ. ಅಂಥ ವಿವೇಕವನ್ನು ಕಾಯ್ದೆಯ ಬಲದಿಂದ ಕಾಪಾಡುತ್ತಿರುವ ಇಂಗ್ಲೆಂಡ್ ಮೆಚ್ಚುಗೆಗೆ ಅರ್ಹ.

ಕಾರ್ಸೆಟ್ ಕಾರ್ಖಾನೆಯಾಗಿದ್ದ ಎದುರಿನ ಸಿಮಿಂಗ್ಟನ್ ಕಟ್ಟಡದಲ್ಲಿ ಈಗ ಊರಿನ ಆಡಳಿತ ಕಚೇರಿ, ಗ್ರಂಥಾಲಯ, ವಸ್ತುಸಂಗ್ರಹಾಲಯಗಳಿವೆ. ಸ್ಮಿತ್ ಆರಂಭಿಸಿದ ಶಾಲೆ ಬರ್ನ್‌ಮಿಲ್ ರಸ್ತೆಯಲ್ಲಿ ರಾಬರ್ಟ್ ಸ್ಮಿತ್ ಅಕಾಡೆಮಿ ಎಂಬ ಹೆಸರಿನಲ್ಲಿ ನಡೆಯುತ್ತಿದೆ; ಇಂದು ಅಲ್ಲಿ ಹುಡುಗಿಯರೂ ಕಲಿಯುತ್ತಾರೆ. ಲಂಡನ್‌ನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದಿಂದ ಲೆಸ್ಟರ್ ಕಡೆಗೆ ಹೋಗುವ ರೈಲು ಸುಮಾರು ಒಂದು ಗಂಟೆಯಲ್ಲಿ ಮಾರ್ಕೆಟ್ ಹಾರ್ಬರೊ ಮುಟ್ಟುತ್ತದೆ. ಮಕ್ಕಳನ್ನೋ ನೆಂಟರನ್ನೋ ನೋಡಲು ಇಂಗ್ಲೆಂಡಿಗೆ ಹೋಗುವ ಕನ್ನಡಿಗರು ಲಂಡನ್‌ನ ಅರಮನೆಗಳಿಗೆ ಕೊಡುವ ಸಮಯದಲ್ಲಿ ಅರ್ಧ ದಿನವನ್ನು ಈ ಊರಿಗೆ ಮೀಸಲಿಡಬೇಕು. ಶಾಲೆಯ ಕೆಳಗೆ ನಿಲ್ಲಲು ಟಿಕೆಟ್ ಬೇಕಿಲ್ಲ.